ಬ್ರಷ್ ತೊಳೆದ ನೀರಿನ ಚಿತ್ರಗಳು

ಬೆಳಿಗ್ಗೆ ಆರಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಎಲ್ಲರೂ ಬಣ್ಣದ ಮಾವ ಎಂದು ಕರೆಯುವ ಪೇಂಟರ್ ಹೊಸ ಕಟ್ಟಡದ ಬಾಗಿಲ ಬೀಗ ತೆಗೆಯುತ್ತಾರೆ. ಉಳಿದ ಕೆಲಸದವರು ಬರುವುದು ಎಂಟಕ್ಕೆ. ಎರಡನೇ ಮಹಡಿಯ ಹಜಾರದಲ್ಲಿ ನಿನ್ನೆ ಅಡಿಬಣ್ಣದ ಪ್ರೈಮರ್ ಬಳಿದ ಗೋಡೆ ಒಣಗಿ ಬೆಳ್ಳಗಾಗಿದೆ. ಮಾವ ಚಪ್ಪಲಿ ಬಿಟ್ಟು, ಏಣಿ ಸರಿಸಿ, ನಿನ್ನೆ ಸಂಜೆ ಬ್ರಷ್ ತೊಳೆದ ನೀರಿನ ಡಬ್ಬಿಯನ್ನು ಕಡ್ಡಿಯಿಂದ ಕಲಕುತ್ತಾರೆ. ಆ ತೆಳು ನೀಲಿ ನೀರಿನಲ್ಲೇ ಆಳೆತ್ತರದ ಒಂದು ಕೈ ಬರೆಯತೊಡಗುತ್ತಾರೆ. ಎಂಟರೊಳಗೆ ಅದರ ಮೇಲೆ ತಾವೇ ರೋಲರ್ ಎಳೆದು ಮುಚ್ಚಿಬಿಡುತ್ತಾರೆ.

ಮೂವತ್ತೊಂದು ವರ್ಷದಿಂದ ಇದೇ ಪರಿಪಾಠ. ನಿಮ್ಮ ಮನೆಗೆ ಬಣ್ಣ ಹೊಡೆದವರು ಇವರೇ ಆಗಿದ್ದರೆ, ನಿಮ್ಮ ಟೀವಿಯ ಹಿಂದೆ ಒಂದು ಕುದುರೆ ನಿಂತಿದ್ದರೂ ಇರಬಹುದು. ಗೋಡೆ ಒಡೆದು ನೋಡಲು ಹೋಗಬೇಡಿ, ಅದು ಸಿಗುವುದಿಲ್ಲ.

ಮಾವನ ಅಪ್ಪನೂ ಪೇಂಟರ್. ಏಳನೇ ತರಗತಿಗೆ ಶಾಲೆ ಬಿಡಿಸಿ ಮಗನ ಕೈಗೆ ಉಜ್ಜುಕಾಗದ ಕೊಟ್ಟರು. ಚಿತ್ರ ಬರೆಯುವುದನ್ನು ಯಾರೂ ಹೇಳಿಕೊಟ್ಟಿಲ್ಲ. ದಿನಕ್ಕೆ ಆರುನೂರು ಚದರಡಿ ಬಳಿಯಬೇಕು, ನಲವತ್ತು ಸಲವಾದರೂ ಏಣಿ ಹತ್ತಿಳಿಯಬೇಕು. ಗೋಡೆಗೆ ಮೆತ್ತಿದ ಪುಟ್ಟಿ ಉಜ್ಜಿದ ಧೂಳು ಎದೆಯಲ್ಲಿ ಕೂತು ಕೆಮ್ಮಾಗಿದೆ, ಬಲ ಭುಜ ಚಳಿಗೆ ಹಿಡಿದುಕೊಳ್ಳುತ್ತದೆ. ಆದರೂ ಬೆಳಗಿನ ಆ ಎರಡು ಗಂಟೆ ಭುಜಕ್ಕೆ ನೋವೇ ಇರುವುದಿಲ್ಲವಂತೆ. ಇದನ್ನು ವೈದ್ಯರು ನಂಬುವುದಿಲ್ಲ, ಮಾವನ ಹೆಂಡತಿ ನಂಬುತ್ತಾರೆ.

ಇದುವರೆಗೆ ಎಷ್ಟು ಚಿತ್ರ ಬರೆದಿದ್ದೀರಿ ಎಂದರೆ ಮಾವ ನಗುತ್ತಾರೆ. "ದಿನಾ ಹಲ್ಲುಜ್ಜಿದ್ದನ್ನ ಯಾರಾದ್ರೂ ಎಣಿಸ್ತಾರಾ? ಕೈ ಪಳಗಬೇಕು, ಅದಕ್ಕೆ ಬರೀತೀನಿ. ಖುಷಿ ಆಗತ್ತೆ, ಅದಕ್ಕೂ ಬರೀತೀನಿ."

ಈ ಎರಡು ಗಂಟೆಗೆ ಸಂಚಕಾರ ಬಂದದ್ದು ಮಾವನ ಕೈಯಿಂದಲೇ. ನಾಲ್ಕು ತಿಂಗಳ ಹಿಂದೆ ಒಂದು ದವಾಖಾನೆಯ ಗೋಡೆಯ ಮೇಲೆ ಮಲಗಿದ ನಾಯಿ ಬರೆಯುತ್ತಿದ್ದರು. ಒಂದು ಕಿವಿ ಬಾಕಿ ಇರುವಾಗ ಡಬ್ಬಿಯ ನೀರು ಖಾಲಿಯಾಯಿತು. ಬಣ್ಣಕ್ಕೆ ನಾಲ್ಕೇ ಹನಿ ಬೆರೆಸುವ ಕೆಂಪು ಸ್ಟೇನರ್ ಬಾಟಲಿ ಪಕ್ಕದಲ್ಲಿತ್ತು. ಬ್ರಷ್ಷನ್ನು ನೇರವಾಗಿ ಅದಕ್ಕೇ ಅದ್ದಿದರು. ನೀರು ಬೆರೆಸುವ ಬಣ್ಣ ಎಷ್ಟು ಬಳಿದರೂ ಅದರಡಿಯಿಂದ ಸ್ಟೇನರ್ ಮೇಲೆ ಬರುತ್ತದೆ, ನಿನ್ನೆ ಕೆಲಸಕ್ಕೆ ಸೇರಿದ ಪೇಂಟರಿಗೂ ಇದು ಗೊತ್ತು. "ಗೊತ್ತಿದ್ದೂ ಮಾಡಿದೆ. ನಾಯಿ ಒಂದೇ ಕಿವೀಲಿ ಮಲಗಿತ್ತಲ್ಲ, ತಡೀಲಿಲ್ಲ" ಎನ್ನುತ್ತಾರೆ. ಎರಡು ಕೋಟ್ ಆದಮೇಲೂ ಬಿಳಿ ಗೋಡೆಯಲ್ಲಿ ಗುಲಾಬಿ ಬಣ್ಣದ ಒಂಟಿ ಕಿವಿ ಎದ್ದು ನಿಂತಿತು.

ವರ್ಷಗಳಿಂದ ಮಾವನಿಗೆ ಕೆಲಸ ಕೊಡುತ್ತಿದ್ದ ಗುತ್ತಿಗೆಯ ಮೇಸ್ತ್ರಿ ಕೆಂಡಾಮಂಡಲವಾದರು. ಬೀಗದ ಕೈ ಕಿತ್ತುಕೊಂಡರು. ಆ ಒಂದು ತಿಂಗಳು ಮಾವ ಎಂಟಕ್ಕೆ ಬಂದು ಐದಕ್ಕೆ ಹೋದರು, ಮನೆಯಲ್ಲಿ ಮಾತು ಕಡಿಮೆಯಾಯಿತು. ಹೊಲಿಗೆ ಕೆಲಸದ ಹೆಂಡತಿ ಒಂದು ಡ್ರಾಯಿಂಗ್ ಪುಸ್ತಕ ತಂದುಕೊಟ್ಟರು. ಗೋಡೆಗೆ ಒಗ್ಗಿದ ಭುಜಕ್ಕೆ ಅಂಗೈಯಗಲದ ಹಾಳೆ ಇರುಕಾಯಿತು. ಕೊನೆಗೆ ಆಕೆಯೇ ಮೇಸ್ತ್ರಿಯ ಮನೆಗೆ ಹೋಗಿ, ನಮ್ಮ ಯಜಮಾನರನ್ನು ನಮಗೆ ವಾಪಸ್ ಕೊಡಿ ಎಂದು ನೇರವಾಗಿ ಕೇಳಿಬಂದರು. ಬೀಗದ ಕೈ ಮರಳಿ ಬಂತು, ಷರತ್ತಿನ ಮೇಲೆ: ಇನ್ನೊಂದು ಗೆರೆ ಮೇಲೆದ್ದರೆ ಬೀಗದ ಕೈಯ ಆಸೆ ಬಿಡುವುದು.

ಅಂದಿನಿಂದ ಮಾವ ಬರೆಯುತ್ತಿರುವುದು ಒಂದೇ ಚಿತ್ರ, ಸೂಜಿಗೆ ದಾರ ಪೋಣಿಸುವ ಹೆಂಡತಿಯ ಕೈ. ಹೆಬ್ಬೆರಳು ಇಷ್ಟು ದಿನ ಮಾತೇ ಕೇಳಿರಲಿಲ್ಲ. ಒಮ್ಮೆ ಬದನೆಕಾಯಿಯಂತಾಯಿತು, ಒಮ್ಮೆ ಬೇರೆ ಯಾರದೋ ಬೆರಳಾಯಿತು. ಇವತ್ತು ಏಳೂಮುಕ್ಕಾಲಿಗೆ ಮಾವ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಹೆಬ್ಬೆರಳು ಸರಿಯಾಗಿ ಕೂತಿದೆ. ಸೂಜಿ ಚುಚ್ಚಿ ಗಟ್ಟಿಯಾದ ಚರ್ಮ, ದಾರ ಹೋಗುವ ಆ ಗಳಿಗೆಯ ಬಿಗಿ, ಎಲ್ಲವೂ ಇದೆ. ಮಾವನ ಕಣ್ಣು ತುಂಬುತ್ತದೆ, ಅವರು ಒರೆಸಿಕೊಳ್ಳುವುದಿಲ್ಲ.

ಹಿಂದೆ ಕೆಮ್ಮಿದ ಸದ್ದು. ತಪಾಸಣೆಗೆಂದು ಮೇಸ್ತ್ರಿ ಇಂದು ಬೇಗ ಬಂದಿದ್ದಾರೆ. ಇಷ್ಟು ವರ್ಷದಲ್ಲಿ ಅವರು ಪೂರ್ತಿ ಚಿತ್ರ ನೋಡಿದ್ದು ಇದೇ ಮೊದಲು. ಬೈಗುಳಕ್ಕೆ ತಯಾರಾಗಿದ್ದ ಮಾವನಿಗೆ ಬೈಗುಳ ಸಿಗುವುದಿಲ್ಲ. ಮೇಸ್ತ್ರಿ ಗೋಡೆಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆಯುತ್ತಾರೆ.

"ಇದನ್ನ ಮುಚ್ಚಬೇಡ ಮಾವ. ಓನರ್‌ಗೆ ನಾನು ಹೇಳ್ಕೋತೀನಿ" ಎನ್ನುತ್ತಾರೆ.

ಮಾವ ರೋಲರನ್ನು ಬಣ್ಣದಲ್ಲಿ ಅದ್ದಿ, ಟ್ರೇಯ ಅಂಚಿಗೆ ಒತ್ತಿ ಹಿಂಡುತ್ತಾರೆ. "ಇದು ಗೋಡೆ ಮೇಲಿದ್ರೆ ದಿನಾ ಬಂದು ಇದನ್ನೇ ನೋಡ್ಕೊಂಡು ನಿಂತ್ಬಿಡ್ತೀನಿ, ಮೇಸ್ತ್ರಿ. ಆಮೇಲೆ ಅವಳ ಎಡಗೈ ಯಾವಾಗ ಬರೀಲಿ?"

ರೋಲರ್ ಮೇಲಿಂದ ಕೆಳಗೆ ಬರುತ್ತದೆ. ಮೊದಲು ಮಣಿಕಟ್ಟು ಹೋಗುತ್ತದೆ, ಆಮೇಲೆ ಬೆರಳುಗಳು. ಸೂಜಿಯ ಹತ್ತಿರ ಬಂದಾಗ ಮೇಸ್ತ್ರಿ ಕಿಟಕಿಯ ಕಡೆ ತಿರುಗಿಕೊಳ್ಳುತ್ತಾರೆ. ಎಂಟಕ್ಕೆ ಗೋಡೆ ಬರೀ ಗೋಡೆ. ಮೆಟ್ಟಿಲಲ್ಲಿ ಕೆಲಸದವರ ಮಾತು ಕೇಳುತ್ತಿದೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಮಾವ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. "ನಾಳೆ ಮೆಟ್ಟಿಲ ಗೋಡೆಗೆ ಪ್ರೈಮರ್ ಒಣಗಿರತ್ತೆ. ಹದಿನಾಲ್ಕಡಿ ಎತ್ತರ. ಬೀಗದ ಕೈ ನನ್ ಹತ್ರಾನೇ ಇರ್ಲಿ, ಅಷ್ಟು ಸಾಕು."