ಹಳದಿ ಮೀನಿನ ಬಾಯಿ

ಎಂಬತ್ತರ ದಶಕ. ಬಟವಾಡಿಯ ನಮ್ಮ ಬಾಡಿಗೆ ಮನೆಗೆ ನನ್ನ ಯಜಮಾನರು ಒಂದು ಗಾಜಿನ ತೊಟ್ಟಿ ತಂದರು, ಜೊತೆಗೆ ಬೆಂಗಳೂರಿಂದ ನಾಲ್ಕು ಸಿಕ್ಲಿಡ್ ಮೀನು, ಆಫ್ರಿಕಾ ಜಾತಿಯವು. ದಿನಾ ಲಿಂಗಪೂಜೆ ನಡೆಯೋ ಮನೆ. ಮೀನನ್ನು ಕೈಯಲ್ಲಿ ಮುಟ್ಟಿದವರಲ್ಲ ನಾವು. "ಸಾಕೋಕೆ ತಾನೇ, ತಿನ್ನೋಕಲ್ವಲ್ಲ" ಅಂತ ಅತ್ತೆಯ ಬಾಯಿ ಮುಚ್ಚಿಸಿದರು. ನಮ್ಮ ಬೋರ್‌ವೆಲ್ ನೀರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಅವಕ್ಕೆ ಮಾತ್ರ ಆ ಗಡಸು ನೀರೇ ಒಗ್ಗಿತು.

ಬಣ್ಣ ನೋಡಿ ಮರುಳಾಗಬೇಡಿ. ಅದರಲ್ಲೊಂದು ಕಪ್ಪು ಗಂಡಿತ್ತು, ಅಪ್ಪಟ ರೌಡಿ. ಮೊದಲ ವಾರವೇ ಇನ್ನೊಂದು ಗಂಡನ್ನು ಮೂಲೆಗೆ ಒತ್ತಿ, ಬಾಲ ಹರಿದು, ಕಣ್ಣು ಕಿತ್ತು ಕೊಂದಿತು. ಆಮೇಲೆ ಒಂದು ಹೆಣ್ಣನ್ನು ಕಲ್ಲಿಗೆ ಗುದ್ದಿ ಗುದ್ದಿ ಸಾಯಿಸಿತು. ನಾನು ಪೊರಕೆಯಲ್ಲಿ ಗಾಜಿಗೆ ಬಾರಿಸಿ, "ನಿನ್ನ ಮನೆ ಹಾಳಾಗ!" ಅಂತ ಶಾಪ ಹಾಕಿದರೆ, ಹಾಳಾದ್ದು ನನ್ನ ಮೇಲೇ ಏರಿ ಬರುತ್ತಿತ್ತು. ಉಳಿದದ್ದು ಹಳದಿ ಹೆಣ್ಣೊಂದೇ. ಅದನ್ನಾದರೂ ಉಳಿಸಲೇಬೇಕು ಅಂತ ನನಗೆ ಹಠ ಬಂತು. ಹೆಂಚಿನ ಚೂರು ಜೋಡಿಸಿ ಅದಕ್ಕೊಂದು ಗೂಡು ಮಾಡಿಕೊಟ್ಟೆ.

ಸ್ವಲ್ಪ ದಿನಕ್ಕೆ ಅದು ತಿನ್ನೋದೇ ಬಿಟ್ಟಿತು. ಗಂಟಲು ಊದಿಕೊಂಡಿತು. ಹೆಚ್ಚುಕಮ್ಮಿ ಮೂರು ವಾರ ಏನೂ ಮುಟ್ಟಲಿಲ್ಲ. "ಉಪವಾಸ ಹಿಡ್ದೈತೆ ಕಣೇ" ಅಂತ ಅತ್ತೆ ಕೈ ಮುಗಿದರು.

ಒಂದು ಮಧ್ಯಾಹ್ನ ಅವರೇ ಕೂಗಿಕೊಂಡರು: "ಬಾರೇ, ಮರಿ ಹಾಕೈತೆ!" ಓಡಿ ಬಂದೆ. ಗೂಡಿನ ಮುಂದೆ ಹತ್ತಿಪ್ಪತ್ತು ಪುಟ್ಟ ಮರಿ. ಇಷ್ಟು ಸಾವು ನೋಡಿದ ಮೇಲೆ ಖುಷಿಗೆ ಅಳುವೇ ಬಂತು ನನಗೆ. ಅಷ್ಟರಲ್ಲಿ ತಾಯಿ ಬಾಯಿ ತೆರೆದು ಅವನ್ನೆಲ್ಲ ಒಂದೊಂದಾಗಿ ಒಳಗೆ ಎಳೆದುಕೊಂಡಿತು.

"ಅಯ್ಯೋ ಶಿವನೇ, ಹೆತ್ತ ಮರೀನೇ ನುಂಗ್ತಾವ್ಳಲ್ಲೇ, ರಾಕ್ಷಸಿ!" ಅಂತ ಅತ್ತೆ ಎದೆ ಬಡಿದುಕೊಂಡರು.

ನನಗೆ ರಕ್ತ ಕುದಿಯಿತು. ಸೀರೆ ಸೆರಗು ಸಿಕ್ಕಿಸಿ ತೊಟ್ಟಿಗೆ ಕೈ ಹಾಕಿದೆ, ಅದನ್ನು ಹಿಡಿದೆ, ಎರಡು ಬೆರಳಲ್ಲಿ ಕೆನ್ನೆ ಅದುಮಿದೆ. "ಉಗುಳೇ, ಉಗುಳು!" ಅದು ಒದ್ದಾಡಿತು, ಬಾಯಿ ಬಿಡಲಿಲ್ಲ. ಇನ್ನೂ ಜೋರಾಗಿ ಅದುಮಿದೆ. ಮರಿಗಳೆಲ್ಲ ನೀರಿಗೆ ಚೆಲ್ಲಿದವು, ಜೀವಂತ! ತಾಯಿಯನ್ನು ಬಕೆಟ್ಟಿಗೆ ಎಸೆದು, ಗೆದ್ದೆ ಅಂದುಕೊಂಡು ತಿರುಗಿದೆ.

ಆ ಕಪ್ಪು ಗಂಡು, ಕರಿಯ, ಆಗಲೇ ಮರಿ ನುಂಗೋಕೆ ಶುರು ಮಾಡಿತ್ತು. ನಾನು ಲೋಟ ಹುಡುಕಿ ತರೋದರೊಳಗೆ ಒಂದು ಮರಿಯೂ ಉಳಿದಿರಲಿಲ್ಲ.

ತಾಯಿಯನ್ನು ವಾಪಸ್ ತೊಟ್ಟಿಗೆ ಬಿಟ್ಟೆ. ಕರಿಯ ಮೈಮೇಲೆ ಬಿದ್ದು ಕಚ್ಚುತ್ತಿದ್ದರೂ ಅದು ಬಾಯಿ ತೆರೆದುಕೊಂಡು ಒಂದೊಂದೇ ಕಲ್ಲಿನ ಸಂದಿಗೆ ಹೋಗಿ ಬಂತು. ಅತ್ತೆ ಗಾಜಿನ ಹತ್ತಿರ ಬಗ್ಗಿ ನೋಡಿದರು. "ಬಾಯೊಳಗೆ ಬಚ್ಚಿಟ್ಕೊಂಡಿದ್ಲು ಕಣೇ" ಅಂದರು.

ಅಷ್ಟು ದಿನ ಆ ಕೊಲೆಗಡುಕನಿಗೂ ಬಿಡಿಸೋಕಾಗದ ಬಾಯನ್ನು ನಾನು ಬಿಡಿಸಿದ್ದೆ.