ಕಾಲುವೆಯಿಂದ ಎಳೆದವರು

ಕುಡಿಯುವ ಗಂಡನನ್ನು ಕಟ್ಟಿಕೊಂಡು ಏಗಿದ ಹೆಂಗಸರು ಹೊಸಪೇಟೆಯಲ್ಲಿ ಬೇಕಾದಷ್ಟಿದ್ದಾರೆ. ಕುಡಿತ ಬಿಟ್ಟ ಗಂಡನ ಜೊತೆ ಏಗುವುದು ಎಷ್ಟು ಕಷ್ಟ ಎಂಬುದನ್ನು ಮಾತ್ರ ಹೊಳೆಮ್ಮನನ್ನೇ ಕೇಳಬೇಕು.

ಮೊದಲಾದರೆ ಉಜ್ಜಿನಪ್ಪ ಸಂಡೂರಿನ ಕಡೆ ಅದಿರಿನ ಯಾರ್ಡಿನಲ್ಲಿ ದುಡಿದದ್ದನ್ನೆಲ್ಲ ಕುಡಿದು, ಕೆಂಪು ಧೂಳಿನ ಬಟ್ಟೆಯಲ್ಲೇ ಬಂದು ಬಿದ್ದುಕೊಳ್ಳುತ್ತಿದ್ದ. ಬೀಳುವ ಮೊದಲು ಬಡಿಯಲು ಕೈಗೆ ಸಿಕ್ಕಿದ್ದು ಹೊಳೆಮ್ಮನ ಬೆನ್ನಾದರೆ ಬೆನ್ನು, ತಾಟಾದರೆ ತಾಟು. ಬಿದ್ದ ಮೇಲೆ ಮನೆ ತಣ್ಣಗಿರುತ್ತಿತ್ತು. ಈಗ ಯೇಸುಸ್ವಾಮಿಯನ್ನು ನಂಬಿ, ಬಾಟಲಿ ಬಿಟ್ಟು, ಆಟೋ ಓಡಿಸುತ್ತಾನೆ. ಕೋಳಿ ಕೂಗುವ ಮೊದಲೇ ಎದ್ದು ಹಾಡುತ್ತಾನೆ. ರಾಗಕ್ಕೂ ಅವನಿಗೂ ಹುಟ್ಟಿನಿಂದಲೇ ಆಗಿಬರುವುದಿಲ್ಲ. ನಲ್ಲಿಯಲ್ಲಿ ನೀರು ಬಂದರೆ ಸ್ತೋತ್ರ, ಬಾರದಿದ್ದರೆ ನಿನ್ನೆ ಹಿಡಿದಿಟ್ಟ ನೀರಿಗೆ ಸ್ತೋತ್ರ. ಹಂಪಿಗೆ ಹೋಗುವಾಗ ಕಮಲಾಪುರದ ಹತ್ತಿರ ಆಟೋ ಪಂಚರ್ ಆದರೆ, "ನೆರಳಿದ್ದ ಕಡೀಗೇ ಆತಲ್ಲ, ಸ್ತೋತ್ರ" ಎಂದು ಪ್ಯಾಸೆಂಜರುಗಳ ಮುಂದೆ ಹಲ್ಲು ಬಿಡುತ್ತಾನೆ. ಅವರಿಗೇನು, ಎಂಥ ಒಳ್ಳೆಯ ಮನುಷ್ಯ ಎಂದುಕೊಂಡು ಹೋಗುತ್ತಾರೆ. ಸಂಸಾರ ಮಾಡಬೇಕಾದವಳು ಇವಳು. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಹೊಳೆಮ್ಮನಿಗೆ ದೇವರ ಮೇಲೆ ತಕರಾರಿರಲಿಲ್ಲ. ಪಕ್ಕದ ಮನೆಯ ಚೆನ್ನಬಸಮ್ಮ ಇಬ್ಬರನ್ನೂ ಮೊದಲ ಸಲ ಪ್ರಾರ್ಥನೆಗೆ ಕರೆದೊಯ್ದಾಗಿನಿಂದ ಅವಳೂ ಭಾನುವಾರ ತಪ್ಪಿಸಿದವಳಲ್ಲ. ಅಲ್ಲಿ ಕೂತಾಗ ಎದೆ ಹಗುರಾಗುವುದೂ ನಿಜ. ತಕರಾರಿದ್ದದ್ದು ಸ್ತೋತ್ರದ ವಿಳಾಸದ ಬಗ್ಗೆ. ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು, ಅವನು ಕುಡಿದ ವರ್ಷಗಳಲ್ಲೂ ಮನೆ ನಡೆಸಿದವಳು ಅವಳು. ಅವನೋ ತಾಟಿನ ಮುಂದೆ ಕಣ್ಣು ಮುಚ್ಚಿ, "ತಂದೇ, ಈ ಬಿಸಿ ರೊಟ್ಟಿಗಾಗಿ, ಈ ಪುಂಡಿಪಲ್ಯಕ್ಕಾಗಿ, ಈ ಶೇಂಗಾ ಚಟ್ನಿಗಾಗಿ ನಿನಗೆ ಸ್ತೋತ್ರ" ಎನ್ನುತ್ತಿದ್ದ. ಹಿಟ್ಟು ನಾದಿದವಳು, ಹೊಗೆ ಕುಡಿದವಳು ಎದುರಿಗೇ ಕೂತಿದ್ದರೂ ಅವಳ ಹೆಸರೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ. ತನ್ನ ಹೆಸರು ಹೇಳಿದರೆ ದೇವರೇನು ಮುನಿಸಿಕೊಳ್ಳುತ್ತಾನೆಯೇ?

ರೊಟ್ಟಿಯದ್ದು ಹೋಗಲಿ. ಅವಳ ಹೊಟ್ಟೆ ಉರಿಸಿದ್ದು ಕಾಲುವೆಯ ಕಥೆ.

ಅವರ ಪ್ರಾರ್ಥನೆಯ ಹಾಲಿನಲ್ಲಿ ಪ್ರತಿ ಭಾನುವಾರ ಸಾಕ್ಷಿ ಹೇಳುವ ಪದ್ಧತಿ. ಒಳ್ಳೆಯದನ್ನು ಕಂಡವರು ಎದ್ದು ನಿಂತು, ದೇವರು ತಮಗೆ ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳಬೇಕು. ಉಜ್ಜಿನಪ್ಪ ಎದ್ದನೆಂದರೆ ತನ್ನ ಕುಡಿತದ ಕೊನೆಯ ದಿನದ್ದೇ ಕಥೆ. ಅಂದು ಮಟಮಟ ಮಧ್ಯಾಹ್ನ ಮತ್ತಿನಲ್ಲಿ ತೂರಾಡುತ್ತ ಬಂದು, ಓಣಿಯ ಹಿಂದಿನ ರಾಯ ಕಾಲುವೆಯಲ್ಲಿ ಬಿದ್ದಿದ್ದ. ಮೊದಮೊದಲು "ಯಾರೋ ಹಿಡದು ಎಳದಂಗಾತು" ಎನ್ನುತ್ತಿದ್ದ. ಹೇಳುತ್ತ ಹೇಳುತ್ತ ಕಾಲುವೆ ತುಂಗಭದ್ರೆಯಷ್ಟು ಅಗಲವಾಯಿತು. ಬರಬರುತ್ತ ಕಥೆಗೊಂದು ಬೆಳ್ಳನೆಯ ಕೈಯೂ ಬಂತು.

ಎಳೆದವಳು ಹೊಳೆಮ್ಮ. ಓಣಿಗೆಲ್ಲ ಗೊತ್ತು. ಒಂದೇ ಒಂದು ಸಲ ಅವನ ಬಾಯಿಂದ 'ನನ್ನ ಹೆಂಡತಿ ಎಳೆದಳು' ಎಂಬ ಮಾತು ನಾಲ್ಕು ಜನರ ಮುಂದೆ ಬರಲಿ ಎಂದು ಅವಳು ವರ್ಷಗಟ್ಟಲೆ ಕಾದಳು. ಕೇಳಿ ಹೇಳಿಸಿಕೊಳ್ಳುವುದಕ್ಕೆ ಅಭಿಮಾನ ಬಿಡಲಿಲ್ಲ.

ವರ್ಷಕ್ಕೊಮ್ಮೆ ಬರುವ ಕೃತಜ್ಞತೆಯ ಆರಾಧನೆಗೆ ಕಂಪ್ಲಿ, ಕುರೆಕುಪ್ಪದಿಂದೆಲ್ಲ ಜನ ಬರುತ್ತಾರೆ. ಈ ಸಲ ಪಾಸ್ಟರ್ ಹನುಮೇಶ್ ಉಜ್ಜಿನಪ್ಪನಿಗೇ ಮೊದಲ ಸಾಕ್ಷಿ ಹೇಳುವುದನ್ನು ಒಪ್ಪಿಸಿದ್ದರು. ಹಿಂದಿನ ದಿನ ಊಟಕ್ಕೆ ಬಡಿಸುತ್ತ ಹೊಳೆಮ್ಮ ಅಭಿಮಾನವನ್ನು ಅಷ್ಟಿಷ್ಟು ಪಕ್ಕಕ್ಕಿಟ್ಟು ಮಾತು ತೆಗೆದಳು.

"ನಾಳೆ ಹೇಳೋವಾಗ ಎಲ್ಲಾ ಹೇಳು."

"ಎಲ್ಲಾ ಹೇಳ್ತೀನಿ. ಒಂದೂ ಬಿಡಂಗಿಲ್ಲ," ಎಂದ ಅವನು, ಮತ್ತೊಂದು ರೊಟ್ಟಿಗೆ ಕೈ ಚಾಚುತ್ತ.

ಅಷ್ಟಕ್ಕೇ ನಂಬಿ ಅವಳು ಮರುದಿನ ಮದುವೆ ಮುಂಜಿಗೆಂದು ಇಟ್ಟುಕೊಂಡಿದ್ದ ಇಳಕಲ್ ಸೀರೆ ಉಟ್ಟಳು. ಹೆಂಗಸರ ಜಮಖಾನೆಯಲ್ಲಿ ಮುಂದಿನ ಸಾಲು ಹಿಡಿದು, ಚೆನ್ನಬಸಮ್ಮನ ಪಕ್ಕ ಕೂತಳು. ಉಜ್ಜಿನಪ್ಪ ಮೈಕ್ ಹಿಡಿದ. ಹೆಂಡ ಬಂತು, ಕಾಲುವೆ ಬಂತು, ಪ್ರವಾಹ ಬಂತು. ಹೊಳೆಮ್ಮ ಸೆರಗು ಸರಿ ಮಾಡಿಕೊಂಡಳು.

"ನೀರಾಗ ಮುಳುಗಿದೆ. ಕಣ್ಣು ಬಿಟ್ಟು ನೋಡ್ತೀನಿ, ಮ್ಯಾಲಿಂದ ಒಂದು ಕೈ. ಬೆಳ್ಳನ ಕೈ! ಹಾಲಿನಂಗ ಬೆಳ್ಳಗ..."

"ಜ್ವಾಳದ ಹಿಟ್ಟು ಅದು!"

ಕೂತಿದ್ದವರೆಲ್ಲ ತಿರುಗಿ ನೋಡಿದರು. ಹೊಳೆಮ್ಮ ಎದ್ದು ನಿಂತಿದ್ದಳು. ಎದ್ದದ್ದು ಅವಳಿಗೇ ಗೊತ್ತಿರಲಿಲ್ಲ.

"ಬೆಳ್ಳನ ಕೈ ಅಂತ, ಬೆಳ್ಳನ ಕೈ! ರೊಟ್ಟಿ ಬಡಿಯಾಕತ್ತಿದ್ದೆ ನಾನು. ನಿನ್ನ ಗಂಡ ಕಾಲುವ್ಯಾಗ ಬಿದ್ದಾನ ಅಂದ್ರು. ಹಂಚಿನ ಮ್ಯಾಲಿನ ರೊಟ್ಟಿ ಹಂಗ ಬಿಟ್ಟು ಓಡಿದೆ. ಈಜು ಬರಂಗಿಲ್ಲ ನನಗ, ಆದ್ರೂ ಇಳದೆ. ಅಂಗಿ ಹಿಡದು ಎಳದಾಕಿ ನಾನು! ಅವತ್ತಿನಿಂದ ನೀರಿಗೆ ಸ್ತೋತ್ರ, ನೆರಳಿಗೆ ಸ್ತೋತ್ರ, ಪಂಚರಿಗೆ ಸ್ತೋತ್ರ. ನಾನೇನು ಸತ್ತೀನೇನು?"

ಪಾಸ್ಟರ್ ಕಿವಿಯ ಹಿಂದೆ ಕೆರೆದುಕೊಂಡರು. ಇಂಥದ್ದಕ್ಕೆ ಯಾವ ಹಾಡು ಹೇಳಿಸಬೇಕೆಂದು ಅವರಿಗೆ ತೋಚಲಿಲ್ಲ. ಆಗ ಚೆನ್ನಬಸಮ್ಮ ಕೂತಲ್ಲಿಂದಲೇ, ದನಿ ಏರಿಸದೆ ಕೇಳಿದಳು.

"ಈಜು ಬರದಾಕಿ ನೀ ಹೆಂಗ ಮ್ಯಾಲೆ ಬಂದಿ, ಹೊಳೆಮ್ಮ?"

ಹೊಳೆಮ್ಮ ತಿರುಗಿ ಚೆನ್ನಬಸಮ್ಮನ ಕೈ ನೋಡಿದಳು. ಹೇಗೆ ಬಂದಳು ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಅವಳ ಹಿಂದೆಯೇ ಓಡಿಬಂದ ಚೆನ್ನಬಸಮ್ಮ ದಂಡೆಯ ಮೇಲೆ ಬೋರಲು ಮಲಗಿ, ಅವಳ ಸೆರಗನ್ನು ತನ್ನ ಕೈಗೆ ಸುತ್ತಿಕೊಂಡು, ಜನ ಬರುವ ತನಕ ಬಿಡದೆ ಹಿಡಿದಿದ್ದಳು. ಇಬ್ಬರ ಭಾರವನ್ನೂ ಆ ಒಂದು ಮಣಿಕಟ್ಟು ತಡೆದಿತ್ತು. ಅದು ಅಂದಿನಿಂದ ಸೊಟ್ಟಗಾಗಿದೆ, ತುಂಬಿದ ಕೊಡ ಎತ್ತುವುದಿಲ್ಲ. ನಲ್ಲಿಯ ಹತ್ತಿರ ಅವಳು ಅರ್ಧರ್ಧ ಕೊಡ ಹೊರುತ್ತ ತಡ ಮಾಡಿದಾಗ, "ಜಲ್ದಿ ಮಾಡು, ನಮಗೂ ಕೆಲಸ ಐತಿ" ಎಂದು ಹೊಳೆಮ್ಮನೇ ಎಷ್ಟು ಸಲ ಬೈದಿಲ್ಲ! ಮುಂದಿನವರ ಬೆನ್ನು ನೋಡಿ ನಕ್ಕವರಿಗೆ ತಮ್ಮ ಬೆನ್ನು ತಮಗೆ ಕಾಣದು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ನಾ ಏನೂ ಕೇಳಾಕತ್ತಿಲ್ಲವ್ವ," ಎಂದಳು ಚೆನ್ನಬಸಮ್ಮ. "ಎಲ್ಲಾ ಹೇಳ್ಬೇಕು ಅಂತೀಯಲ್ಲ, ಅದಕ್ಕ ಅಂದೆ."

ಅಷ್ಟರಲ್ಲಿ ಉಜ್ಜಿನಪ್ಪ ಮೈಕ್ ಕೆಳಗಿಟ್ಟು, ಗಂಡಸರ ಸಾಲು ದಾಟಿ, ಹೆಂಗಸರ ಜಮಖಾನೆಯ ಅಂಚಿಗೆ ಬಂದು ನಿಂತಿದ್ದ. ಪ್ರಾರ್ಥನೆಗೆ ಮುಚ್ಚುವ ಹಾಗೆ ಕಣ್ಣು ಮುಚ್ಚಲಿಲ್ಲ. ಹೆಂಡತಿಯನ್ನೇ ನೋಡಿದ.

"ನೀನ ಅಂತ ನನಗ ಗೊತ್ತಿತ್ತು."

"ಗೊತ್ತಿತ್ತಾ? ಗೊತ್ತಿದ್ದೂ..."

"ನಿನ್ನ ಹೆಸರು ತಗೊಂಡ್ರ, ಅದಕ್ಕೂ ಮೊದ್ಲು ನಾ ನಿನಗ ಏನೇನು ಮಾಡಿದ್ದೆ ಅನ್ನೋದೂ ಹೇಳಬೇಕಾಗ್ತಿತ್ತು. ದೇವರು ಕ್ಷಮಿಸ್ಯಾನ, ಅದು ಗೊತ್ತೈತಿ. ನಿನ್ನ ಕೇಳಾಕ ಧೈರ್ಯ ಆಗಲಿಲ್ಲ ಹೊಳೆವ್ವ. ಎಳದಾಕಿ ನೀನ. ನಿನ್ನ ಮ್ಯಾಲೆ ಕೈ ಮಾಡ್ತಿದ್ದೆ ನಾ, ಆದ್ರೂ ಎಳದಿ. ರೊಟ್ಟಿ ತಿನ್ನೋವಾಗ ದಿನಾ ಅದ ನೆನಪು. ಅದಕ್ಕ ಕಣ್ಣು ಮುಚ್ಚಿಕೊಂತೀನಿ."

ವರ್ಷಗಟ್ಟಲೆ ಕಾದ ಮಾತು ಕೊನೆಗೂ ಬಂದಿತ್ತು, ಅದೂ ಕಂಪ್ಲಿ ಕುರೆಕುಪ್ಪದವರೆಲ್ಲ ಕೇಳುವ ಹಾಗೆ. ಹೊಳೆಮ್ಮನಿಗೆ ಮನಸ್ಸು ತುಂಬ ಸಂತೋಷವಾಯಿತು. ಅಳು ಬಂತು. ಇಷ್ಟು ದಿನ ಕಾಯಿಸಿದ್ದಕ್ಕೆ ಸಿಟ್ಟೂ ಬಂತು. ಹೀಗೆ ಎಲ್ಲ ಒಟ್ಟಿಗೆ ಬಂದರೆ ಹೆಂಗಸು ಯಾವುದನ್ನು ಮೊದಲು ಮಾಡಬೇಕು?

"ನಿಂದು ಮನ್ಯಾಗ ನೋಡ್ಕೊಂತೀನಿ," ಎಂದಳು, ಸೆರಗಿನಿಂದ ಮೂಗು ಒರೆಸುತ್ತ. "ಈಗ ಹೋಗಿ ಕುಂದ್ರು. ನಂದೊಂದು ಸಾಕ್ಷಿ ಐತಿ."

ಅವಳು ಜಮಖಾನೆಯ ಮೇಲೆ ಕುಸಿದು ಕೂತು, ಚೆನ್ನಬಸಮ್ಮನ ಕೈಯನ್ನು ತನ್ನ ಎರಡೂ ಕೈಗಳಿಂದ ಹಿಡಿದುಕೊಂಡಳು. ಗಂಡನಿಗೆ ಇಷ್ಟು ವರ್ಷ ಯಾಕೆ ಬಾಯಿ ಬರಲಿಲ್ಲ ಎಂಬುದು ಈಗ ಅರ್ಥವಾಯಿತು. ಓಣಿಯಲ್ಲೆಲ್ಲ ಬಾಯಿಬಡುಕಿ ಎಂದು ಹೆಸರಾದವಳಿಗೆ ಒಂದು ಮಾತೂ ಹೊರಡಲಿಲ್ಲ. ಹಾಲಿನಲ್ಲಿ ಕೂತವರೆಲ್ಲ ಕಾದರು. ಪಾಸ್ಟರ್ ಕೂಡ ಕಾದರು. ಅವಳು ಆ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಅದ ಸೊಟ್ಟ ಕೈ ಐತಿಲೇ," ಎಂದಳು ಚೆನ್ನಬಸಮ್ಮ. "ಮೆಲ್ಲಕ ಹಿಡಿ."

ಹೊಳೆಮ್ಮ ಎದುರು ಮಾತಾಡದೆ ಮೆಲ್ಲಗೆ ಹಿಡಿದಳು.