ಒಂದೇ ಮೊತ್ತಕ್ಕೆ ಒಪ್ಪಿಕೊಂಡ ಶಾಲೆ

ಎಂಬತ್ತೆರಡನೇ ಇಸವಿಯ ಆಷಾಢದಲ್ಲಿ, ಅಜ್ಜಂಪುರದ ಆಚೆಯ ಒಂದು ಹಳ್ಳಿಯ ಶಾಲೆಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಆ ಕಟ್ಟಡದ ನಕ್ಷೆಯ ಮೇಲಿದ್ದ ಸಹಿ ನನ್ನದು. ನಮ್ಮ ಮನೆದೇವರು ವೀರಭದ್ರಸ್ವಾಮಿ ಆ ಮಕ್ಕಳನ್ನೂ ನನ್ನನ್ನೂ ಹೇಗೆ ಕಾಪಾಡಿದ ಎಂಬುದನ್ನು, ನನ್ನ ತಪ್ಪನ್ನು ಮುಚ್ಚಿಡದೆ, ಭಕ್ತ ಬಂಧುಗಳಾದ ನಿಮಗೆ ತಿಳಿಸುತ್ತಿದ್ದೇನೆ.

ಲಕ್ಕವಳ್ಳಿಯಲ್ಲಿ ಹನ್ನೊಂದು ವರ್ಷ ಓವರ್‌ಸಿಯರ್ ಆಗಿದ್ದವನು ಕೆಲಸ ಬಿಟ್ಟು ತರೀಕೆರೆಯಲ್ಲಿ ಸ್ವಂತ ಬೋರ್ಡು ಹಾಕಿಕೊಂಡಿದ್ದೆ. ಮನೆ, ಗೋದಾಮುಗಳಿಗೆ ನಕ್ಷೆ ಮಾಡಿಕೊಟ್ಟು, ಕಟ್ಟುವಾಗ ಹೋಗಿ ನೋಡಿ ಬರುವುದು ನನ್ನ ಕಸುಬು. ಶಾಲಾ ಸಮಿತಿಯ ಅಧ್ಯಕ್ಷ ರುದ್ರಪ್ಪನವರು ಕೊಬ್ಬರಿ ವ್ಯಾಪಾರಿ. ಪದೇ ಪದೇ ಬಿಲ್ಲು ತರುವವರನ್ನು ಕಂಡರೆ ಅವರಿಗಾಗದು. "ಎಷ್ಟಾತದೆ ಒಂದೇ ಸಲ ಹೇಳ್ಬಿಡಿ ಇಂಜಿನಿಯರ್ರೇ. ಆಮೇಲೆ ಅದು ಇದು ಅನ್ಬಾರ್ದು" ಎಂದರು. ಕೆಲಸ ಕೈತಪ್ಪಬಾರದೆಂದು, ಏನೇ ಬದಲಾದರೂ ನಕ್ಷೆ, ಮೇಲ್ವಿಚಾರಣೆ ಎರಡನ್ನೂ ಅದೇ ಮೊತ್ತಕ್ಕೆ ಮುಗಿಸಿಕೊಡುತ್ತೇನೆ ಎಂದು ನಾನೇ ಕರಾರು ಬರೆದುಕೊಟ್ಟೆ.

ನಕ್ಷೆ ಮಾಡಿದ್ದು ಒಂದಂತಸ್ತಿಗೆ. ಪಾಯ ಮುಗಿದು ಗೋಡೆ ಏಳುವಾಗ ಅಧ್ಯಕ್ಷರು ಮೇಲೆ ಇನ್ನೆರಡು ಕೋಣೆ ಬೇಕೆಂದರು. ಪಾಯ ಆ ಭಾರ ತಡೆಯುತ್ತದೆಯೇ ಎಂದು ಮೊದಲಿನಿಂದ ಲೆಕ್ಕ ಹಾಕಬೇಕಿತ್ತು. ನೆಲ ಅಗೆಸಿ ಮಣ್ಣು ನೋಡಬೇಕಿತ್ತು. ಅದು ಮೂರು ವಾರದ ಕೆಲಸ. ಅದಕ್ಕೆ ಬಿಡಿಗಾಸೂ ಹುಟ್ಟುವುದಿಲ್ಲ ಎಂಬುದು ತಲೆಯಲ್ಲಿ ಕೊರೆಯುತ್ತಿತ್ತು. ಹಳೆಯ ಲೆಕ್ಕದ ಮೇಲೆಯೇ ಮಹಡಿ ಬರೆದೆ. ಪಾಯ, ಗೋಡೆಗಳ ಅಳತೆ ತೋರಿಸುವ ಹಾಳೆಗೆ ಎಲ್ಲ ಸರಿಯಿದೆ ಎಂದು ಸಹಿ ಹಾಕಿದೆ. ಪಾಯ ತೋಡುವಾಗಲೂ ನಾನು ಹೋಗಿರಲಿಲ್ಲ.

ಮರುವರ್ಷದ ಮಳೆಗೆ ಆ ಬಿರುಕು ಬಂತು. ಕೆಳಗಿನ ಎರಡು ತರಗತಿಗಳ ನಡುವಿನ ಗೋಡೆ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ತುಂಡು ಅಂಟಿಸಿದೆ. ಬಿರುಕು ಬೆಳೆದರೆ ಗಾಜು ಸೀಳುತ್ತದೆ.

"ಇದೇನ್ರೀ ಗಾಜು?" ಎಂದರು ರುದ್ರಪ್ಪ.

"ಏನಿಲ್ಲ, ಗಾರೆ ಒಣಗುವಾಗ ಹೀಗಾಗ್ತದೆ" ಎಂದೆ.

ಮುಂದಿನ ವಾರ ಗಾಜು ಸೀಳಿತ್ತು. ಇನ್ನೊಂದು ಅಂಟಿಸಿದೆ, ಅದೂ ಸೀಳಿತು. ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿತು. ಮಹಡಿಯಲ್ಲಿ ಮಕ್ಕಳು ಓಡಿದಾಗ ಕೆಳಗೆ ಸುಣ್ಣದ ಪುಡಿ ಉದುರುತ್ತಿತ್ತು. ಅದೇ ಗೋಡೆಗೆ ಬೆನ್ನು ಕೊಟ್ಟು ಕೂತ ಮೂರನೇ ತರಗತಿಯ ಮಕ್ಕಳು ಮಗ್ಗಿ ಹೇಳುತ್ತಿದ್ದರು. ತರೀಕೆರೆ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ "ಅಜ್ಜಂಪುರ, ಅಜ್ಜಂಪುರ" ಎಂದು ಕೂಗಿದರೆ ಆ ಬಸ್ಸಿನ ಕಡೆ ತಿರುಗಿಬಿಡುತ್ತಿದ್ದೆ. ಆ ಕಡೆಯಿಂದ ಬಂದವರ ಮುಖವನ್ನೇ ಮೊದಲು ನೋಡುತ್ತಿದ್ದೆ, ಏನಾದರೂ ಸುದ್ದಿ ತಂದಿದ್ದಾರೆಯೇ ಎಂದು.

ಊಟ ಸೇರಲಿಲ್ಲ. ಎದೆನೋವು ಬಂದಾಗ ಹೆಂಡತಿ ಕಡೂರಿನ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಎದೆ, ಬೆನ್ನು ನೋಡಿ, "ದೇಹಕ್ಕೇನೂ ಆಗಿಲ್ಲ ನಿಮಗೆ. ಏನು ಮುಚ್ಚಿಟ್ಟುಕೊಂಡಿದ್ದೀರಿ?" ಎಂದರು. ಹೆಂಡತಿ ನನ್ನತ್ತ ನೋಡಿದಳು. ನಾನು ಆಸ್ಪತ್ರೆಯ ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡೆ.

ಆ ಸೋಮವಾರ ಮನೆದೇವರ ಗುಡಿಗೆ ಹೋದೆ. ನಮ್ಮಲ್ಲಿ ಸ್ವಾಮಿಯ ಭುಜಕ್ಕೆ ಹೂವು ಅಂಟಿಸಿ ಅಪ್ಪಣೆ ಕೇಳುವುದುಂಟು. ಬಲಕ್ಕೆ ಬಿದ್ದರೆ ಶುಭ, ಎಡಕ್ಕೆ ಬಿದ್ದರೆ ಅಶುಭ. "ಬಿರುಕು ನಿಲ್ಲಲಿ ತಂದೆ, ನನ್ನ ಹೆಸರು ಉಳಿಯಲಿ" ಎಂದು ಬೇಡಿ ಕೂತೆ. ಒಂದು ಗಂಟೆ ಕಳೆದರೂ ಹೂವು ಅಲ್ಲಾಡಲಿಲ್ಲ. ಎಡಕ್ಕಾದರೂ ಬೀಳಬಾರದೇ ಅನ್ನಿಸಿತು.

ಅರ್ಚಕರು ಮುದುಕರು. ಬಳಿ ಬಂದು, "ಇಷ್ಟೊತ್ತಾದ್ರೂ ಮಾತಾಡ್ಲಿಲ್ಲ ಅಂದ್ರೆ ನೀನು ಕೇಳಿದ್ದೇ ಸರಿ ಇಲ್ಲ ಅನ್ಸುತ್ತೆ ಕಣಪ್ಪಾ. ಬೇರೆ ಕೇಳು" ಎಂದರು.

ತಲೆ ನೆಲಕ್ಕಿಟ್ಟೆ. ಏನು ಕೇಳಲಿ? ಕಣ್ಣ ಮುಂದೆ ಆ ಮಕ್ಕಳ ಬೆನ್ನುಗಳು ಬಂದವು. "ಹೆಸರು ಹೋದರೆ ಹೋಗಲಿ. ಮಕ್ಕಳನ್ನು ಉಳಿಸು. ನಿಜ ಹೇಳಲು ನನಗೆ ಬಾಯಿ ಕೊಡು" ಎಂದು ಗಟ್ಟಿಯಾಗಿ ಅತ್ತುಬಿಟ್ಟೆ. ಹೂವು ಆಗಲೂ ಬೀಳಲಿಲ್ಲ. ಆದರೆ ಎದ್ದಾಗ ನನ್ನ ಕಾಲು ಮನೆಯ ಕಡೆ ಹೋಗಲಿಲ್ಲ. ಅಜ್ಜಂಪುರದ ಬಸ್ಸು ಹತ್ತಿದೆ.

ಶಾಲೆಯ ಊರಿಗೆ ಹೋಗಿ, ರುದ್ರಪ್ಪನವರ ಕೊಬ್ಬರಿ ಮಂಡಿಯಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ. ಲೆಕ್ಕ ಹಾಕದೆ ಸಹಿ ಹಾಕಿದ್ದು, ಗಾರೆ ಎಂದು ಸುಳ್ಳು ಹೇಳಿದ್ದು. ಅವರ ಮುಖ ಕಪ್ಪಿಟ್ಟಿತು.

"ನನ್ ಮೊಮ್ಮಗ್ಳು ಅಲ್ಲೇ ಓದ್ತಾಳೆ ಕಣ್ರೀ."

"ಗೊತ್ತು."

"ಗೊತ್ತಿದ್ದೂ ಸುಮ್ನಿದ್ರಾ?"

ಅವರು ಚಪ್ಪಲಿಯನ್ನೂ ಮೆಟ್ಟದೆ ಶಾಲೆಗೆ ನಡೆದರು. ಅರ್ಧ ಗಂಟೆಯಲ್ಲಿ ಮಕ್ಕಳೆಲ್ಲ ಹೊರಗೆ ಬಂದರು. ಮರುದಿನದಿಂದ ಪಾಠ ಆ ಊರ ಗುಡಿಯ ಜಗಲಿಯಲ್ಲಿ.

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಮಳೆ ನಿಂತು ಬಿಸಿಲು ಬಂದಿದ್ದಾಗ, ಆ ನಡುಗೋಡೆ ಮೂರನೇ ತರಗತಿಯ ಬೆಂಚುಗಳ ಮೇಲೆ ಪೂರ್ತಿ ಮಗುಚಿಕೊಂಡಿತು. ಒಂದು ಬೆಂಚೂ ಉಳಿಯಲಿಲ್ಲ. ಸದ್ದು ಜಗಲಿಯವರೆಗೆ ಕೇಳಿತಂತೆ. ಮಕ್ಕಳು ಮಗ್ಗಿ ಹೇಳುವುದನ್ನು ನಿಲ್ಲಿಸಿದರಂತೆ.

ಇನ್ನು ಮಹಡಿಯೂ ಕುಸಿಯುತ್ತದೆ ಎಂದೇ ನಾನು ತಿಳಿದೆ. ಹೊರಗೋಡೆಯ ಪಕ್ಕ ಪಾಯ ಅಗೆಸಿದೆ. ನಕ್ಷೆಯಲ್ಲಿ ಇದ್ದುದು ನಾಲ್ಕಡಿ. ನಾಲ್ಕಡಿ ಅಗೆದರು, ಕಲ್ಲುಕಟ್ಟಡ ಮುಗಿಯಲಿಲ್ಲ. ಆರು, ಏಳು. ಎಂಟೂವರೆ ಅಡಿಯಲ್ಲಿ, ಗಟ್ಟಿ ಬಂಡೆಯ ಮೇಲೆ ಪಾಯ ಕೂತಿತ್ತು. ಹಾರೆ ಹಾಕಿದರೆ ಕಿಡಿ ಹಾರಿತು. ಬಿದ್ದ ನಡುಗೋಡೆಯೊಂದೇ ಮೇಲ್ಮಣ್ಣಿನ ಮೇಲೆ ನಿಂತದ್ದು; ಮಹಡಿಯ ಭಾರ ಬೀಳದ ಅಡ್ಡಗೋಡೆ ಎಂದು ನಕ್ಷೆಯಲ್ಲಿ ನಾನೇ ಅದಕ್ಕೆ ಪಾಯ ತೋರಿಸಿರಲಿಲ್ಲ. ಮಳೆಗೆ ಎರೆಮಣ್ಣು ಉಬ್ಬಿ ಅದನ್ನು ಎತ್ತಿ ಒಡೆದಿತ್ತು.

ಪಾಯ ಕಟ್ಟಿದ ಮೇಸ್ತ್ರಿ ತಿಮ್ಮಣ್ಣನನ್ನು ಹುಡುಕಿಕೊಂಡು ಸಖರಾಯಪಟ್ಟಣಕ್ಕೆ ಹೋದೆ. ಅವನೂ ಆ ಪಾಯವನ್ನು ನನ್ನ ಹಾಗೆಯೇ ಒಂದೇ ಮೊತ್ತಕ್ಕೆ ಒಪ್ಪಿಕೊಂಡಿದ್ದವನು.

"ನಾಕಡಿಗೆ ಹಾರೆ ಬೆಣ್ಣೇಲಿ ಇಳ್ದಂಗೆ ಇಳೀತು ಸ್ವಾಮಿ. ಗಟ್ಟಿ ನೆಲ ಸಿಕ್ಕೋಗಂಟ ಬಿಡ್ಲಿಲ್ಲ" ಎಂದ.

"ನಿನಗೆ ಲುಕ್ಸಾನಾಗಲಿಲ್ಲವಾ?"

"ಆಯ್ತು. ಒಳಗೆ ಕೂರೋವು ಮಕ್ಳಲ್ವಾ?"

"ನನಗೆ ಯಾಕೆ ಹೇಳಲಿಲ್ಲ?"

ಅವನು ಹೇಳಿದ: "ಹೇಳಿದ್ರೆ ನೀವು ಬಂದು ನೋಡ್ಬೇಕಾಗಿತ್ತು. ನೀವು ಬರೋರಲ್ಲ ಅಂತ ಗೊತ್ತಿತ್ತು."

ನಾನು ಪ್ರಾರ್ಥಿಸುವುದಕ್ಕೆ ಒಂದು ವರ್ಷ ಮೊದಲೇ ಸ್ವಾಮಿ ಆ ಮನುಷ್ಯನ ಕೈಯಲ್ಲಿ ನೆಲ ಅಗೆಸಿಟ್ಟಿದ್ದ. ಅಂದು ಬಿಟ್ಟಿದ್ದ ಲೆಕ್ಕವನ್ನೆಲ್ಲ ನಾನು ಮೂರು ವಾರ ಕೂತು ಹಾಕಿದೆ. ಹಿರಿಯ ಇಂಜಿನಿಯರೊಬ್ಬರಿಗೆ ತೋರಿಸಿದೆ. ಮಹಡಿ ನಿಲ್ಲುತ್ತದೆ ಎಂದರು. ನಡುಗೋಡೆಗೆ ಬಂಡೆಯಿಂದಲೇ ಹೊಸ ಪಾಯ ಹಾಕಿಸಿ, ದಿನವೂ ಎದುರಿಗೆ ನಿಂತು ಕಟ್ಟಿಸಿದೆ. ರುದ್ರಪ್ಪನವರು ನನ್ನೊಡನೆ ಮತ್ತೆ ಸಲಿಗೆಯಿಂದ ಮಾತಾಡಲಿಲ್ಲ. ಅದು ನ್ಯಾಯವೇ.

ಶಾಲೆ ಮತ್ತೆ ತೆರೆದ ಮೇಲೆ ತಿಮ್ಮಣ್ಣನನ್ನು ಗುಡಿಗೆ ಕರೆದುಕೊಂಡು ಹೋದೆ. ಮಂಗಳಾರತಿಯಾಗಿ ಹೊರಗೆ ಬಂದ ಮೇಲೆ, "ಏನು ಬೇಡ್ಕೊಂಡೆಯೋ?" ಎಂದು ಕೇಳಿದೆ.

"ಏನೂ ಹೊಳೀಲಿಲ್ಲ ಸ್ವಾಮಿ. ಸುಮ್ನೆ ಕೈ ಮುಗ್ದೆ" ಎಂದ.

ಅಂದಿನಿಂದ ನಾನೂ ಹಾಗೆಯೇ, ಏನೂ ಬೇಡದೆ, ಕೈ ಮುಗಿಯುತ್ತೇನೆ. ಕರುಣಿಸಿದ ಸ್ವಾಮಿಗೆ ಶರಣು, ಓದಿದ ನಿಮಗೂ ಶರಣು.